ತಲೆ ಎಣಿಸುವವನು ಕಂಡ ಹಾಲ್‌ಸ್ಟಾಟ್

ಮೂವತ್ತೆರಡು ವರ್ಷಗಳ ಮಾಸ್ತರಿಕೆಯಲ್ಲಿ 1991, 2001 ಮತ್ತು 2011ರ ಮೂರೂ ಜನಗಣತಿಗಳಿಗೆ ನಾನು ಗಣತಿದಾರನಾಗಿದ್ದೆ. ಮೂರು ಸಲವೂ ನನ್ನ ಪಾಲಿಗೆ ಬಂದದ್ದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆ ದಡದ ಹಳ್ಳಿಗಳು. ಬೆಳಗಿನ ಲಾಂಚಿನಲ್ಲಿ ಹೊಳೆ ದಾಟಿ, ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಗುಡ್ಡ ಹತ್ತಿಳಿದು, ಗಾರೆಮನೆಗೊಂದು ಚೌಕ, ಸೋಗೆಮನೆಗೊಂದು ತ್ರಿಕೋನ ಎಂದು ನಕ್ಷೆ ಬರೆದು, ಸಂಜೆಯ ಲಾಂಚಿಗೆ ಹಿಂತಿರುಗುತ್ತಿದ್ದೆ. ನಿವೃತ್ತನಾದ ಮೇಲೂ ಆ ಕೆಲಸದ ಚಾಳಿ ಬಿಟ್ಟಿಲ್ಲ. ಯಾವ ಊರಿಗೆ ಹೋದರೂ ದೇವಸ್ಥಾನಕ್ಕಿಂತ ಮೊದಲು ಮನೆ ಎಷ್ಟು, ತಲೆ ಎಷ್ಟು ಎಂದು ಕೇಳುತ್ತೇನೆ. ಆಸ್ಟ್ರಿಯಾದ ಲಿಂಜ್ ನಗರದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದಾಗ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾಲ್ಕು ದಿನ ಹಾಲ್‌ಸ್ಟಾಟ್ ಎಂಬ ಸರೋವರದ ಊರಿಗೆ ಹೋಗೋಣವೆಂದು ಮಗಳು ಹೇಳಿದಳು. ಜನಸಂಖ್ಯೆ ಏಳುನೂರೈವತ್ತರ ಆಸುಪಾಸು ಎಂದು ತಿಳಿದ ಮೇಲೆ ನನ್ನನ್ನು ಒಪ್ಪಿಸುವ ಶ್ರಮ ಅವಳಿಗೆ ಬೀಳಲಿಲ್ಲ.

ಮೊದಲ ದಿನ

ಲಿಂಜ್‌ನಿಂದ ಹೊರಟು ಅಟ್ನಾಂಗ್-ಪುಖ್‌ಹೈಮ್ ಎಂಬ ಜಂಕ್ಷನ್ನಿನಲ್ಲಿ ರೈಲು ಬದಲಿಸಿದೆವು. ಅಲ್ಲಿಂದ ಮುಂದಿನದು 1877ರಲ್ಲಿ ಸಂಚಾರ ಆರಂಭವಾದ ಹಳೆಯ ಮಾರ್ಗ. ಗ್ಮುಂಡೆನ್, ಎಬೆನ್ಸೇ, ಬಾಟ್ ಇಶ್ಲ್, ಬಾಟ್ ಗೊಯ್ಸರ್ನ್ ಎಂದು ನಿಲ್ದಾಣಗಳು ಬಂದಂತೆಲ್ಲ ಕಣಿವೆ ಕಿರಿದಾಗುತ್ತ ಹೋಗುತ್ತದೆ. ಹಳಿಯ ಪಕ್ಕದಲ್ಲಿ ಕಾಣುತ್ತಿದ್ದ ನದಿ ಟ್ರೌನ್. ನಾವು ಅದರ ಹರಿವಿಗೆ ಎದುರಾಗಿ ಮೇಲೇರುತ್ತಿದ್ದೆವು. ದಕ್ಷಿಣದ ಪರ್ವತಗಳಲ್ಲಿ ಹುಟ್ಟಿ ಬರುವ ಈ ನದಿಯೇ ಹಾಲ್‌ಸ್ಟಾಟ್ ಸರೋವರವನ್ನು ತುಂಬಿಸಿ, ಉತ್ತರದ ತುದಿಯಿಂದ ಹೊರಬಿದ್ದು, ಕೊನೆಗೆ ಲಿಂಜ್‌ನ ಬಳಿ ಡ್ಯಾನ್ಯೂಬ್ ಸೇರುತ್ತದೆ. ಹಾಗಾಗಿ ಮಗಳ ಮನೆಯ ಹತ್ತಿರ ಹರಿಯುವ ನೀರಿನ ಒಂದು ಪಾಲು ಈ ಊರಿನ ಮುಂದೆ ಹಾದು ಬಂದದ್ದೇ.

ಹಾಲ್‌ಸ್ಟಾಟ್ ರೈಲು ನಿಲ್ದಾಣದಲ್ಲಿ ಇಳಿದಾಗ ಊರು ಕಾಣಲಿಲ್ಲ. ಒಂದು ಸಣ್ಣ ಕಟ್ಟಡ, ಮರಗಳು, ಇಳಿಜಾರಿನ ದಾರಿ ಮಾತ್ರ ಕಂಡವು. ಊರಿರುವುದು ಸರೋವರದ ಪಶ್ಚಿಮ ದಡದಲ್ಲಿ, ರೈಲು ಬರುವುದು ಪೂರ್ವ ದಡಕ್ಕೆ. ಆಚೆ ದಡದಲ್ಲಿ ಹಳಿ ಹಾಸಲು ಜಾಗ ಸಿಗುವಂತಿರಲಿಲ್ಲವೆಂಬುದು ಎದುರಿನ ಕಡಿದಾದ ಬೆಟ್ಟವನ್ನು ನೋಡಿದವರಿಗೆ ಯಾರೂ ಹೇಳಬೇಕಾಗಿಲ್ಲ. ರೈಲಿನ ವೇಳೆಗೆ ಹೊಂದಿಸಿಕೊಂಡ ಒಂದು ಪುಟ್ಟ ದೋಣಿ ದಡದಲ್ಲಿ ಕಾಯುತ್ತಿತ್ತು. ನಮ್ಮ ಹೊಳೆಬಾಗಿಲಿನ ಲಾಂಚು ಬಸ್ಸನ್ನೂ ಜೀಪನ್ನೂ ಹೊತ್ತು ದಾಟಿಸುತ್ತಿತ್ತು, ಇದು ಜನರಿಗಷ್ಟೇ. ಹತ್ತು ನಿಮಿಷದ ದಾಟುವಿಕೆಯಲ್ಲಿ ನಾನು ಎಡಕ್ಕೂ ಬಲಕ್ಕೂ ನೋಡಿ ಸರೋವರದ ಆಕಾರವನ್ನು ಮನಸ್ಸಿನಲ್ಲಿ ಬರೆದುಕೊಂಡೆ. ಎಂಟೂವರೆ ಚದರ ಕಿಲೋಮೀಟರಿನ ಈ ನೀರು ಅಗಲದಲ್ಲಿ ಏನೂ ಅಲ್ಲ, ಲಿಂಗನಮಕ್ಕಿಯ ಹಿನ್ನೀರಿನ ಮುಂದೆ ಒಂದು ಮೂಲೆ. ಆದರೆ ಆಳ 125 ಮೀಟರ್. ಹಿಮಯುಗದಲ್ಲಿ ನೀರ್ಗಲ್ಲ ನದಿಯೊಂದು ಸುಣ್ಣದ ಕಲ್ಲನ್ನು ಉಜ್ಜಿ ಕೊರೆದ ತೊಟ್ಟಿಯಿದು. ದಡದಲ್ಲಿ ಕಂಡ ಇಳಿಜಾರೇ ನೀರಿನೊಳಗೂ ಅದೇ ರಭಸದಲ್ಲಿ ಇಳಿಯುತ್ತದೆ. ನಮ್ಮದು 1964ರಲ್ಲಿ ಮುಗಿದ ಅಣೆಕಟ್ಟಿನಿಂದಾದ ನೀರು, ಅದರಡಿ ಗದ್ದೆಗಳಿವೆ, ಮನೆಗಳ ಅಡಿಪಾಯಗಳಿವೆ. ಇದರಡಿ ಯಾರದೂ ಗದ್ದೆಯಿಲ್ಲ.

ದೋಣಿ ಹತ್ತಿರವಾದಂತೆ ಊರು ಪೂರ್ತಿಯಾಗಿ ಒಂದೇ ನೋಟಕ್ಕೆ ಸಿಕ್ಕಿತು. ಗೋಡೆಗೆ ಒರಗಿಸಿಟ್ಟ ಗೊಂಬೆ ಹಬ್ಬದ ಮೆಟ್ಟಿಲುಗಳ ಹಾಗೆ, ನೀರಿನಂಚಿನಿಂದ ಮೇಲಕ್ಕೆ ಒಂದರ ಹೆಗಲ ಮೇಲೊಂದು ಮನೆ. ಅವುಗಳ ಬೆನ್ನಿಗೆ ನೇರವಾಗಿ ಬೆಟ್ಟ. ನೀರಿನ ಬಳಿ ಚೂಪು ಗೋಪುರದ ಒಂದು ಚರ್ಚು, ಮೇಲೆ ಬಂಡೆಯ ಚಾಚಿನ ಮೇಲೆ ಇನ್ನೊಂದು. ಮಧ್ಯಾಹ್ನ ಮೂರೂವರೆಯಷ್ಟೇ ಆಗಿತ್ತು, ಆದರೂ ಊರಿನ ಮೇಲೆ ಆಗಲೇ ನೆರಳು ಬಿದ್ದಿತ್ತು. ಬಿಸಿಲೆಲ್ಲ ನಾವು ಬಿಟ್ಟುಬಂದ ದಡದಲ್ಲಿತ್ತು. ಬೆಟ್ಟ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ಬೇಗ ಮನೆಗೆ ಹೋಗುತ್ತಾನೆ. ನನ್ನ ಹೆಂಡತಿ ಒಂದು ಸುತ್ತು ನೋಡಿ, “ಈ ಊರಲ್ಲಿ ಹಪ್ಪಳ ಒಣಗಿಸಲಿಕ್ಕೆ ಜಾಗವೂ ಇಲ್ಲ, ಬಿಸಿಲೂ ಇಲ್ಲ” ಎಂದಳು. ಹಾಲ್‌ಸ್ಟಾಟಿನ ಭೂಗೋಳದ ಬಗ್ಗೆ ನಾನು ಮುಂದೆ ಓದಿದ್ದೆಲ್ಲವೂ ಆ ಮಾತಿನ ವಿಸ್ತರಣೆಯೇ ಆಗಿತ್ತು.

ನಾವು ಉಳಿದ ಮನೆ ಎಪ್ಪತ್ತೆಂಟು ಮೆಟ್ಟಿಲುಗಳ ಮೇಲಿತ್ತು. ಮಂಡಿ ಹಿಡಿದುಕೊಂಡು ಎಣಿಸಿದ ಲೆಕ್ಕವಾದ್ದರಿಂದ ತಪ್ಪಿರಲಾರದು. ಮನೆಯೊಡತಿ ನಮಗಿಂತ ಹಿರಿಯರು. ಬಾಗಿಲಲ್ಲೇ ಒಂದು ನಮೂನೆಯನ್ನು ಕೈಗಿತ್ತರು. ಹೆಸರು, ಹುಟ್ಟಿದ ದಿನಾಂಕ, ದೇಶ, ಪಾಸ್‌ಪೋರ್ಟ್ ಸಂಖ್ಯೆ, ಬಂದ ದಿನ, ಹೋಗುವ ದಿನ. ಈ ದೇಶದಲ್ಲಿ ಒಂದು ರಾತ್ರಿ ತಂಗುವ ಅತಿಥಿಯನ್ನೂ ಹೀಗೆ ನೋಂದಾಯಿಸಬೇಕೆಂಬುದು ಕಾಯಿದೆ. ಮೂರು ಗಣತಿಗಳಲ್ಲಿ ಪರರ ಕಾಲಂಗಳನ್ನು ತುಂಬಿದ ನಾನು ಬಹಳ ಎಚ್ಚರದಿಂದ, ಒಂದು ಅಕ್ಷರವೂ ಗೆರೆ ದಾಟದಂತೆ ತುಂಬಿಕೊಟ್ಟೆ. ಹೋಗುವ ದಿನದ ಕಾಲಂ ಒಂದನ್ನು ಮಾತ್ರ, ಮಳೆ ಬಂದರೆ ಒಂದು ದಿನ ಹೆಚ್ಚು ನಿಲ್ಲಬಹುದೆಂದು ಮಗಳು ಹೇಳಿದ್ದರಿಂದ, ಖಾಲಿ ಬಿಟ್ಟೆ.

ಎರಡನೆಯ ದಿನ

ಬಸ್ಸುಗಳು ಬರುವ ಮೊದಲು ಊರು ನೋಡಬೇಕೆಂದರೆ ಆರು ಗಂಟೆಗೆ ಏಳಬೇಕು ಎಂದು ಒಡತಿ ಹೇಳಿದ್ದರು. ಮಲೆನಾಡಿನವರಿಗೆ ಅದೇನೂ ಕಷ್ಟವಲ್ಲ. ಮಂಜು ನೀರಿನ ಮೇಲೆ ಹಾಸಿಕೊಂಡಿತ್ತು, ನಾನೊಬ್ಬನೇ ಇಳಿದೆ.

ಊರಿನ ರಚನೆ ತೀರ ಸರಳವಾಗಿದೆ. ಉತ್ತರಕ್ಕೆ ಮಾರುಕಟ್ಟೆ ಚೌಕವನ್ನು ನಡುವಿನಲ್ಲಿಟ್ಟುಕೊಂಡ ಹಳೆಯ ಪೇಟೆ, ದಕ್ಷಿಣಕ್ಕೆ ಲಾನ್ ಎಂಬ ಭಾಗ, ಇವೆರಡನ್ನು ಕೂಡಿಸುವ ದಡದ ಬೀದಿ ಒಂದು. ಹಳೆಯ ಪೇಟೆ ಇರುವ ಜಾಗವನ್ನು ಬೆಟ್ಟದ ಬುಡ ಎನ್ನುವುದಕ್ಕಿಂತ ಬೆಟ್ಟವು ನೀರಿಗಿಳಿಯುವ ಮುನ್ನ ಒಂದು ಕ್ಷಣ ತಡೆದ ಜಾಗ ಎನ್ನಬಹುದು. ಲಾನ್ ಮಾತ್ರ ಸ್ವಲ್ಪ ಸಮತಟ್ಟು; ಎಖರ್ನ್ ಕಣಿವೆಯಿಂದ ಇಳಿಯುವ ಹಳ್ಳವು ಸಾವಿರಾರು ವರ್ಷ ತಂದು ಸುರಿದ ಜಲ್ಲಿ, ಮರಳಿನ ಬೀಸಣಿಗೆಯಾಕಾರದ ದಿಬ್ಬ ಅದು. ಬಸ್ ನಿಲ್ದಾಣ, ವಾಹನ ನಿಲುಗಡೆ, ಹೊಸ ಕಾಲದ ಮನೆಗಳೆಲ್ಲ ಅಲ್ಲಿಯೇ ಇವೆ. ಅಂದರೆ ಈ ಊರಿಗೆ ನೆಲವನ್ನು ಕೊಟ್ಟದ್ದು ಹಳ್ಳದ ನೀರು. ಆದರೆ ಕೊಟ್ಟ ಹಳ್ಳಗಳು ಆಗಾಗ ಬಾಡಿಗೆ ಕೇಳಲು ಬರುವುದೂ ಉಂಟು. ಹಳೆಯ ಪೇಟೆಯ ನಡುವೆ ಜಲಪಾತವಾಗಿ ಧುಮುಕುವ ಮ್ಯೂಲ್‌ಬಾಖ್ ಎಂಬ ತೊರೆ 2013ರ ಜೂನ್‌ನಲ್ಲಿ ಉಕ್ಕಿ ಕೆಸರನ್ನೂ ಕಲ್ಲನ್ನೂ ಚೌಕದವರೆಗೆ ತಂದು ಹಾಕಿತ್ತು.

ಕರಾರುವಾಕ್ಕಾಗಿ ಹೇಳುವುದಾದರೆ, ಹಾಲ್‌ಸ್ಟಾಟ್ ಪುರಸಭೆಯ ವಿಸ್ತೀರ್ಣ ಅರವತ್ತು ಚದರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಜನಸಾಂದ್ರತೆ ಎಂಬ ಲೆಕ್ಕವನ್ನು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದ ನಾನು ಅಲ್ಲಿಯೇ ಭಾಗಾಕಾರ ಮಾಡಿದೆ: ಚದರ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಜನ. ಪುಸ್ತಕದಲ್ಲಿ ಓದಿದವರು ಇದೊಂದು ವಿರಳ ಊರೆಂದುಕೊಳ್ಳುತ್ತಾರೆ. ಕಣ್ಣೆದುರಿಗಿದ್ದ ಊರಿನಲ್ಲಿಯೋ, ಎದುರು ಮನೆಯವರ ಕಾಫಿಯ ಪರಿಮಳ ಈ ಮನೆಯ ಜಗುಲಿಗೆ ಬರುವಷ್ಟು ಇಕ್ಕಟ್ಟು. ಅರವತ್ತರಲ್ಲಿ ಬಹುಪಾಲು ಬಂಡೆ, ಕಾಡು ಮತ್ತು ನೀರು. ಮನುಷ್ಯನಿಗೆ ಉಳಿದದ್ದು ಒಂದು ಅಂಚು. ಸರಾಸರಿಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳಲು ಇಂಥ ಉದಾಹರಣೆ ನನಗೆ ಆಗ ಸಿಕ್ಕಿರಲಿಲ್ಲ.

ಆ ಅಂಚನ್ನು ಇವರು ಬಳಸಿರುವ ಬಗೆಯನ್ನು ನೋಡಲು ಒಂದು ಬೆಳಗ್ಗೆ ಸಾಲದು. ದಡದ ರಸ್ತೆಯನ್ನು ಬಂಡೆ ಸಿಡಿಸಿ ಮಾಡಿದ್ದು 1890ರಲ್ಲಿ. ಅದಕ್ಕೆ ಮೊದಲು ಊರಿಗೆ ಬರಲು ದೋಣಿ ಅಥವಾ ಬೆಟ್ಟದ ಕಾಲುದಾರಿ ಮಾತ್ರ; ಊರೊಳಗೂ ನೆರೆಮನೆಗೆ ಹೋಗುವುದು ಕೆಳಗೆ ದೋಣಿಯಲ್ಲಿ, ಇಲ್ಲವೇ ಮೇಲೆ, ಮನೆಗಳ ಅಟ್ಟದ ಮಟ್ಟದಲ್ಲಿ ಹಾದುಹೋಗುವ ಓಣಿಯಲ್ಲಿ. ಆ ಮೇಲಿನ ದಾರಿ ಈಗಲೂ ಇದೆ. ಅದರಲ್ಲಿ ನಡೆಯುವಾಗ ಎಡಗಡೆಗೆ ಒಬ್ಬರ ಬಾಗಿಲು, ಬಲಗಡೆಗೆ ಇನ್ನೊಬ್ಬರ ಹೊಗೆಗೂಡು. ನಮ್ಮಲ್ಲಿ ಅಟ್ಟವೆಂದರೆ ಅಡಿಕೆ, ಸೌದೆ ಇಡುವ ಜಾಗ; ಇಲ್ಲಿ ಅಟ್ಟವೇ ಹೆಬ್ಬಾಗಿಲು. ಹಿತ್ತಿಲಿಗೆ ಜಾಗವಿಲ್ಲದ್ದರಿಂದ ಪಿಯರ್ ಹಣ್ಣಿನ ಮರಗಳನ್ನು ಗೋಡೆಗೆ ಒತ್ತಿ, ಕೊಂಬೆಗಳನ್ನು ಎರಡೂ ಕಡೆಗೆ ಚಪ್ಪಟೆಯಾಗಿ ಹಬ್ಬಿಸಿ ಬೆಳೆಸುತ್ತಾರೆ. ಚೌಕದ ಮನೆಯೊಂದರ ಮುಂಭಾಗದಲ್ಲಿ ಅಂಥ ಮರ ಮೂರನೆಯ ಅಂತಸ್ತಿನ ಕಿಟಕಿಯವರೆಗೂ ಏರಿತ್ತು, ಗೋಡೆಯ ಮೇಲೆ ಯಾರೋ ರಂಗೋಲಿ ಎಳೆದಂತೆ. 1750ರ ಬೆಂಕಿಯಲ್ಲಿ ಪೇಟೆಯ ಮರದ ಮನೆಗಳು ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದ ಊರಿದು. ಬೆಂಕಿಯ ಭಯ ಇನ್ನೂ ಹಳೆಯದಾಗಿಲ್ಲ. 2019ರ ನವೆಂಬರ್ 30ರ ಬೆಳಗಿನ ಜಾವ ದಡದ ಮರದ ಶೆಡ್ಡುಗಳಿಗೆ ಬೆಂಕಿ ಹತ್ತಿ ಪಕ್ಕದ ಮನೆಗೂ ಹಬ್ಬಿತ್ತು.

ತಿಂಡಿಯ ಹೊತ್ತಿಗೆ ನನ್ನ ಪ್ರಶ್ನಾವಳಿ ತೆರೆಯಿತು. ಒಡತಿಯ ಜರ್ಮನ್ ಮಾತನ್ನು ಮಗಳು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಈ ಶತಮಾನ ಆರಂಭವಾದಾಗ ಊರಿನಲ್ಲಿ ಒಂಬೈನೂರಕ್ಕೂ ಮೇಲೆ ಜನರಿದ್ದರು. ಅವರ ಎಳೆತನದಲ್ಲಿ ಸಾವಿರ ದಾಟಿತ್ತು. ಬೆಟ್ಟದ ಮೇಲಿನ ಗಣಿಗೆ ಮೊದಲಿನಷ್ಟು ಕೈಗಳು ಬೇಡವಾದವು, ಮಕ್ಕಳು ಓದಿ ಹೊರಗೆ ಹೋದರು, ಖಾಲಿಯಾದ ಮನೆ ಬಾಡಿಗೆಯ ಕೋಣೆಗಳಾಯಿತು, ಕೋಣೆಗಳ ಆದಾಯ ಕಂಡ ಮೇಲೆ ಮನೆಯ ಬೆಲೆ ಏರಿತು, ಬೆಲೆ ಏರಿದ ಮೇಲೆ ಊರಿನ ಹುಡುಗರು ಊರಿನಲ್ಲಿ ಮನೆ ಕೊಳ್ಳಲಾರದೆ ಹೋದರು. ಅವರ ಇಬ್ಬರು ಮಕ್ಕಳೂ ಕೆಳಗಿನ ಬಾಟ್ ಗೊಯ್ಸರ್ನ್‌ನಲ್ಲಿದ್ದಾರಂತೆ. ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ನಮ್ಮ ಕಡೆಯ ಅಜ್ಜಿಯರು ಬೆಂಗಳೂರಿನ ಮಕ್ಕಳ ಬಗ್ಗೆ ಹೇಳುವಂತೆಯೇ ಹೇಳಿದರು.

“ಕಳೆದ ಗಣತಿಗೆ ನಿಮ್ಮ ಮನೆಗೆ ಯಾರು ಬಂದಿದ್ದರು?” ಎಂದು ಕೇಳಿಸಿದೆ. ಒಡತಿ ನಕ್ಕರು. ಮಗಳು, “ಅಪ್ಪಾ, ಇಲ್ಲಿ ಗಣತಿದಾರರೇ ಇಲ್ಲ. 2011ರಿಂದ ಎಲ್ಲ ದಾಖಲೆ ಪುಸ್ತಕಗಳನ್ನು ಕೂಡಿಸಿಯೇ ಎಣಿಸುತ್ತಾರೆ” ಎಂದಳು. ವಾಸದ ಮನೆ ಬದಲಿಸಿದವರು ಪುರಸಭೆಗೆ ತಿಳಿಸಲೇಬೇಕು. ಯಾವುದು ಮುಖ್ಯ ವಾಸ, ಯಾವುದು ಎರಡನೆಯದು ಎಂಬುದೂ ಅಲ್ಲಿ ದಾಖಲು. ಮುಖ್ಯ ವಾಸದವರಷ್ಟೇ ಊರಿನ ಸಂಖ್ಯೆಗೆ ಸೇರುತ್ತಾರೆ. ಕದ ತಟ್ಟುವವನೇ ಇಲ್ಲದ ಗಣತಿ! ನಾನು 2011ರ ಫೆಬ್ರವರಿಯ ಬಿಸಿಲಿನಲ್ಲಿ, ಮನೆಯ ಯಜಮಾನ ತೋಟದಿಂದ ಬರಲೆಂದು ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದ ಗಂಟೆಗಳನ್ನು ನೆನೆದೆ. ಆ ಮಜ್ಜಿಗೆಯ ನಡುವೆ ತಿಳಿಯುತ್ತಿದ್ದ ಸಂಗತಿಗಳಿಗೆ ಯಾವ ನಮೂನೆಯಲ್ಲೂ ಕಾಲಂ ಇರಲಿಲ್ಲ, ನಿಜ. ಲೆಕ್ಕದ ಮಟ್ಟಿಗೆ ಇವರ ಕ್ರಮವೇ ಹೆಚ್ಚು ಖಚಿತವೆಂದು ಒಪ್ಪಿಕೊಳ್ಳಬೇಕು.

ಹತ್ತು ಗಂಟೆಗೆ ಬಸ್ಸುಗಳು ಬಂದವು. ಹೆಚ್ಚಿನ ದಟ್ಟಣೆಯ ದಿನಗಳಲ್ಲಿ ಹತ್ತು ಸಾವಿರ ಜನರು ಬರುತ್ತಾರೆಂದು ಓದಿದ್ದೆ. ಒಬ್ಬ ನಿವಾಸಿಗೆ ಹದಿಮೂರು ಅತಿಥಿ. ಅರ್ಧ ಗಂಟೆಯೊಳಗೆ ದಡದ ಬೀದಿಯಲ್ಲಿ ಭುಜಕ್ಕೆ ಭುಜ ತಾಗಿತು. ಎಲ್ಲರೂ ಹೋಗುವುದು ಉತ್ತರದ ತಿರುವಿನ ಒಂದೇ ಜಾಗಕ್ಕೆ, ತೆಗೆಯುವುದು ಒಂದೇ ಚಿತ್ರ. ಮನೆಗಳ ಬಾಗಿಲಲ್ಲಿ ಶಾಂತವಾಗಿರಿ, ಡ್ರೋನ್ ಹಾರಿಸಬೇಡಿ ಎಂಬ ಫಲಕಗಳು. 2023ರ ಮೇ ತಿಂಗಳಲ್ಲಿ ಆ ಚಿತ್ರದ ಜಾಗಕ್ಕೆ ಅಡ್ಡವಾಗಿ ಮರದ ಬೇಲಿಯೊಂದನ್ನು ನಿಲ್ಲಿಸಿ, ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ತೆಗೆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಊರವರು ಸುರಂಗದ ರಸ್ತೆ ತಡೆದು ಪ್ರತಿಭಟಿಸಿದರು. ಸೇರಿದ್ದು ನೂರು ಜನರ ಆಸುಪಾಸು. ಏಳುನೂರೈವತ್ತರಲ್ಲಿ ನೂರೆಂದರೆ ಸಣ್ಣ ಸಂಖ್ಯೆಯಲ್ಲ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಈ ಊರಿನದೇ ಪ್ರತಿಕೃತಿಯನ್ನು ಕಟ್ಟಿ 2012ರಲ್ಲಿ ತೆರೆದಿದ್ದಾರೆ. ಅದನ್ನು ನೋಡಿದವರು ಮೂಲವನ್ನು ನೋಡಲು ಬರುತ್ತಾರೆಯೇ ಹೊರತು ಅಲ್ಲಿಗೇ ತೃಪ್ತರಾಗಿ ನಿಲ್ಲುವುದಿಲ್ಲ. ಜನರನ್ನು ಬಯ್ಯುವ ಹಕ್ಕು ನನಗಿಲ್ಲ, ಆ ಹದಿಮೂರರಲ್ಲಿ ನಾನೂ ಒಬ್ಬ.

ಗದ್ದಲದಿಂದ ಪಾರಾಗಲು ಮೇಲಿನ ಚರ್ಚಿಗೆ ಹತ್ತಿದೆವು. ಇದು ಕ್ಯಾಥೊಲಿಕರದು, ನೀರಿನ ಬಳಿಯ ಚೂಪು ಗೋಪುರ ಪ್ರಾಟೆಸ್ಟೆಂಟರದು, 1863ರಷ್ಟು ಈಚಿನದು. ಎರಡರ ನಡುವಿನ ಕೆಲವು ನೂರು ಮೆಟ್ಟಿಲುಗಳಲ್ಲಿ ಜನಸಂಖ್ಯೆಯ ಒಂದು ನೋವಿನ ಅಧ್ಯಾಯವಿದೆ. 1734ರಲ್ಲಿ ಆರನೆಯ ಚಾರ್ಲ್ಸ್ ದೊರೆಯ ಆಳ್ವಿಕೆ ಈ ಸೀಮೆಯ ಪ್ರಾಟೆಸ್ಟೆಂಟ್ ಕುಟುಂಬಗಳನ್ನು ದೋಣಿಗಳಲ್ಲಿ ತುಂಬಿ, ಡ್ಯಾನ್ಯೂಬ್ ಮೂಲಕ ದೂರದ ಟ್ರಾನ್ಸಿಲ್ವೇನಿಯಕ್ಕೆ ಸಾಗಿಸಿತು. ಉಳಿದವರು ಒಳಗೊಳಗೇ ನಂಬಿಕೆಯನ್ನು ಕಾಪಾಡಿಕೊಂಡು, 1781ರಲ್ಲಿ ಎರಡನೆಯ ಜೋಸೆಫ್ ಸಹಿಷ್ಣುತೆಯ ಆಜ್ಞೆ ಹೊರಡಿಸಿದ ಮೇಲೆ ಬಹಿರಂಗವಾದರು.

ಚರ್ಚಿನ ಸುತ್ತ ಸ್ಮಶಾನ. ಒಂದು ಕೇರಂ ಬೋರ್ಡಿನಷ್ಟೇ ಅಚ್ಚುಕಟ್ಟು, ಹೆಚ್ಚುಕಡಿಮೆ ಅಷ್ಟೇ ಕಿರಿದು ಎಂದರೆ ಅತಿಶಯವಾದರೂ ಆಗಲಿ. ಬಂಡೆಯ ಚಾಚಿನ ಆಚೆ ನೇರ ಪ್ರಪಾತ. ಗುಂಡಿ ತೋಡಬಲ್ಲ ಮಣ್ಣು ಇಷ್ಟೇ. ಆದ್ದರಿಂದ ಇಲ್ಲಿ ಸತ್ತವರಿಗೂ ಶಾಶ್ವತ ನಿವೇಶನ ಸಿಗುತ್ತಿರಲಿಲ್ಲ. ಹತ್ತು ಹದಿನೈದು ವರ್ಷವಾದ ಮೇಲೆ ಸಮಾಧಿಯನ್ನು ತೆರೆದು, ಎಲುಬುಗಳನ್ನು ತೆಗೆದು, ಮುಂದಿನವರಿಗೆ ಜಾಗ ಮಾಡುತ್ತಿದ್ದರು. ತೆಗೆದ ತಲೆಬುರುಡೆಯನ್ನು ತೊಳೆದು, ವಾರಗಟ್ಟಲೆ ಬಿಸಿಲಿಗೂ ಬೆಳದಿಂಗಳಿಗೂ ಇಟ್ಟು ಬಿಳಿಯಾದ ಮೇಲೆ, ಹಣೆಯ ಮೇಲೆ ಹೆಸರು ಬರೆದು, ಸುತ್ತ ಎಲೆಬಳ್ಳಿಯನ್ನೋ ಹೂಮಾಲೆಯನ್ನೋ ಚಿತ್ರಿಸಿ, ಸಂತ ಮೈಕೇಲನ ಗುಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಜೋಡಿಸುತ್ತಿದ್ದರು. ಬುರುಡೆಗಳಿಗೆ ಬಣ್ಣ ಬರೆಯುವ ಪದ್ಧತಿ ಸುಮಾರು 1720ರಿಂದೀಚಿನದು. ಈಗ ಅಲ್ಲಿ ಹನ್ನೆರಡು ನೂರರಷ್ಟು ಬುರುಡೆಗಳಿವೆ, ಅವುಗಳಲ್ಲಿ ಚಿತ್ರ ಬರೆದವು 610.

ನನ್ನ ಹೆಂಡತಿ ಯಾರೂ ಹೇಳದೆ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು. ಒಂದು ಕೋಣೆಯಷ್ಟು ಜಾಗ. ಗೋಡೆಯುದ್ದಕ್ಕೂ ಮರದ ಹಲಗೆ, ಹಲಗೆಯ ಕೆಳಗೆ ಸೌದೆಯಂತೆ ಒಟ್ಟಿದ ತೊಡೆಮೂಳೆಗಳು, ಮೇಲೆ ಸಾಲುಸಾಲಾಗಿ ತಲೆಗಳು. ಕುಟುಂಬ ಕುಟುಂಬವಾಗಿ ಇಟ್ಟಿರುವುದರಿಂದ ಒಂದೇ ಮನೆತನದ ಹೆಸರು ಅಕ್ಕಪಕ್ಕದಲ್ಲಿ ಮರಳಿ ಮರಳಿ ಬರುತ್ತದೆ. ಓಕ್ ಎಲೆಯ ಕಿರೀಟ, ಐವಿ ಬಳ್ಳಿ, ಗುಲಾಬಿ, ನಡುವೆ ಶಿಲುಬೆ, ಕೆಳಗೆ ಇಸವಿ. ತಲೆ ಎಣಿಸುವುದು ಎಂಬ ಮಾತನ್ನು ನಾನು ವೃತ್ತಿಜೀವನವಿಡೀ ಬಳಸಿದ್ದೇನೆ. ಅಕ್ಷರಶಃ ತಲೆಗಳನ್ನೇ ಹೆಸರು ಇಸವಿ ಸಹಿತ ಇಟ್ಟ ದಾಖಲೆ ಪುಸ್ತಕವನ್ನು ನೋಡಿದ್ದು ಅದೇ ಮೊದಲು. ಎಣಿಸಲು ಶುರುಮಾಡಿ, ಒಂದು ಸಾಲಿನ ಹದಿನೇಳಕ್ಕೆ ನಿಲ್ಲಿಸಿದೆ. ನಿಲ್ಲಿಸಿದ್ದೇಕೆಂದು ಕೇಳಿದರೆ ಹೇಳಲಾರೆ.

ಕೊನೆಯ ಬುರುಡೆ ಒಬ್ಬ ಹೆಂಗಸಿನದು. 1983ರಲ್ಲಿ ತೀರಿಕೊಂಡ ಆಕೆಯ ಆಸೆಯಂತೆ 1995ರಲ್ಲಿ ಅದನ್ನು ಅಲ್ಲಿ ಇಟ್ಟರು. ಬಾಯಲ್ಲಿ ಚಿನ್ನದ ಹಲ್ಲೊಂದು ಹೊಳೆಯುತ್ತದೆ. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚು ದಹನಕ್ಕೆ ಒಪ್ಪಿದ ಮೇಲೆ ಸಮಾಧಿಗಳ ಒತ್ತಡ ಇಳಿಯಿತು, ಈ ಪದ್ಧತಿಯೂ ನಿಂತಿತು. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: “ನಮ್ಮಲ್ಲಿ ಹಾಗಾದರೆ ಯಾರ ಲೆಕ್ಕವೂ ಉಳಿಯಲಿಲ್ಲ.”

ಆ ರಾತ್ರಿ ಒಂಬತ್ತಕ್ಕೆ ಜಗುಲಿಯಲ್ಲಿ ನಿಂತು ನೋಡಿದೆ. ಬಸ್ಸುಗಳು ಹೋಗಿದ್ದವು, ತೊರೆಯ ಸದ್ದು ಬಿಟ್ಟರೆ ಬೇರೆ ಇಲ್ಲ. ಗಣತಿಯ ಕೊನೆಯ ರಾತ್ರಿ, ಫೆಬ್ರವರಿ 28ರಂದು, ಮನೆಯಿಲ್ಲದವರನ್ನು ಹುಡುಕಿ ಎಣಿಸಬೇಕೆಂಬ ನಿಯಮ ನಮ್ಮಲ್ಲಿ. ಇಲ್ಲಿ ನಾನು ತಿರುಗುಮುರುಗಾಗಿ, ಜನರಿಲ್ಲದ ಮನೆಗಳನ್ನು ಎಣಿಸಿದೆ. ಕೆಳಗಿನ ಸಾಲಿನ ಹನ್ನೊಂದು ಮನೆಗಳಲ್ಲಿ ದೀಪವಿದ್ದದ್ದು ಐದಕ್ಕೆ.

ಮೂರನೆಯ ದಿನ

ಇಷ್ಟು ಇಕ್ಕಟ್ಟಿನಲ್ಲಿ, ಬಿಸಿಲಿಲ್ಲದ ಬಂಡೆಯ ಬುಡದಲ್ಲಿ ಜನ ಏಕೆ ನೆಲೆಸಿದರು ಎಂಬ ಪ್ರಶ್ನೆಗೆ ಉತ್ತರ ಬೆಟ್ಟದ ಮೇಲಿದೆ. ನಮಗೆ ಹಾಲನ್ನು ನೆನಪಿಸುವ ಊರಿನ ಹೆಸರಿಗೆ ನಿಜವಾಗಿ ನಂಟಿರುವುದು ಉಪ್ಪಿನೊಂದಿಗೆ. ಹಾಲೈನ್, ರೈಖೆನ್‌ಹಾಲ್ ಮುಂತಾದ ಈ ಸೀಮೆಯ ಉಪ್ಪಿನ ಊರುಗಳಲ್ಲೆಲ್ಲ ಆ ಹಾಲ್ ಇದೆ.

ಲಾನ್‌ನಿಂದ ಹಗ್ಗದ ರೈಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಊರಿಗಿಂತ ಸುಮಾರು 350 ಮೀಟರ್ ಮೇಲಕ್ಕೆ ಹೋದೆವು. ಅಲ್ಲಿ 1284ರಲ್ಲಿ ಕಟ್ಟಿದ ರುಡಾಲ್ಫ್ ಗೋಪುರವಿದೆ. ಗಣಿಯನ್ನು ಕಾಯಲು ಕಟ್ಟಿದ್ದು ಮುಂದೆ ಗಣಿ ಅಧಿಕಾರಿಗಳ ಮನೆಯಾಯಿತು. ಅದರ ಹಿಂದೆ ಬೆಟ್ಟದ ಮಡಿಲಲ್ಲಿ ಒಂದು ಹಸಿರು ಕಣಿವೆ. ಅಲ್ಲಿನ ಕಲ್ಲಿನೊಳಗೆ 25 ಕೋಟಿ ವರ್ಷಗಳ ಹಿಂದೆ ಆವಿಯಾದ ಸಮುದ್ರದ ಉಪ್ಪು ಹುದುಗಿದೆ. ಅದನ್ನು ಮನುಷ್ಯ ಹುಡುಕಿಕೊಂಡು ಏಳು ಸಾವಿರ ವರ್ಷಗಳಾದವು ಎನ್ನಲು ಜಿಂಕೆಯ ಕೊಂಬಿನ ಒಂದು ಗುದ್ದಲಿ ಸಾಕ್ಷಿ.

1846ರಲ್ಲಿ ಯೊಹಾನ್ ಗೇಯೋರ್ಗ್ ರಾಮ್ಸಾವರ್ ಎಂಬ ಗಣಿ ಅಧಿಕಾರಿಗೆ ಈ ಕಣಿವೆಯಲ್ಲಿ ಒಂದು ಸಮಾಧಿ, ಅದರ ಪಕ್ಕ ಇನ್ನೊಂದು, ಹೀಗೆ ಸಿಗುತ್ತ ಹೋದವು. 1863ರವರೆಗೆ ಆತ 980 ಸಮಾಧಿಗಳನ್ನು ತೆರೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಯಾವ ಎಲುಬಿನ ಪಕ್ಕ ಯಾವ ವಸ್ತುವಿತ್ತೆಂದು ಬರೆಸಿ, ಜಲವರ್ಣದಲ್ಲಿ ಚಿತ್ರಿಸಿಟ್ಟ. ಪುರಾತತ್ವವೆಂಬುದು ಬಹುಪಾಲು ನಿಧಿಯ ಹುಡುಕಾಟವಾಗಿದ್ದ ಕಾಲದಲ್ಲಿ ಈ ಶಿಸ್ತು ಅಪರೂಪದ್ದು. ನಾನು ಆತನನ್ನು ನನ್ನ ವೃತ್ತಿಯ ಹಿರಿಯನೆಂದೇ ಎಣಿಸುತ್ತೇನೆ. ಎರಡೂವರೆ ಸಾವಿರ ವರ್ಷ ತಡವಾಗಿ ಹೋದ ಗಣತಿದಾರ. ಸ್ವಂತ ಮನೆಯಲ್ಲೂ ಎಣಿಸುವ ಕೆಲಸಕ್ಕೆ ಕೊರತೆಯಿರಲಿಲ್ಲ, ಆತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆ. ಆ ಸಮಾಧಿಗಳ ಮಹತ್ವದಿಂದಾಗಿ ಯುರೋಪಿನ ಕಬ್ಬಿಣಯುಗದ ಮೊದಲ ಘಟ್ಟಕ್ಕೆ, ಕ್ರಿಸ್ತಪೂರ್ವ 800ರಿಂದ 450ರ ಸುಮಾರಿನವರೆಗಿನ ಕಾಲಕ್ಕೆ, ಹಾಲ್‌ಸ್ಟಾಟ್ ಸಂಸ್ಕೃತಿ ಎಂದೇ ಹೆಸರಾಯಿತು. ಏಳುನೂರು ಜನರ ಊರಿನ ಹೆಸರು ಒಂದು ಖಂಡದ ಚರಿತ್ರೆಯ ಯುಗಕ್ಕೆ!

ಆ ಸಮಾಧಿಗಳಲ್ಲಿ ಬಾಲ್ಟಿಕ್ ಕಡಲಿನ ಅಂಬರ್ ಇತ್ತು, ಕತ್ತಿಯ ಹಿಡಿಗೆ ಆನೆಯ ದಂತವಿತ್ತು. ಉಪ್ಪು ಇಳಿದುಹೋದ ದಾರಿಯಲ್ಲಿ ಸಂಪತ್ತು ಹತ್ತಿ ಬಂದಿತ್ತು. ಆದರೆ ಎಲುಬುಗಳು ಹೇಳುವ ಕಥೆ ಬೇರೆ. ಗಂಡಸರ ತೋಳಿನಲ್ಲಿ ಗುದ್ದಲಿ ಬೀಸಿದ ಸವೆತ, ಹೆಂಗಸರ ಕೀಲುಗಳಲ್ಲಿ ಹೊರೆ ಹೊತ್ತ ಸವೆತ, ಮಕ್ಕಳ ಕುತ್ತಿಗೆಯಲ್ಲೂ ಭಾರ ಹೊತ್ತ ಗುರುತು. ಗಣಿಯೊಳಗೆ ಮಕ್ಕಳ ಅಳತೆಯ ಚರ್ಮದ ಪಾದರಕ್ಷೆಗಳೂ ಸಿಕ್ಕಿವೆ. ಹೂತವರ ಪೈಕಿ ಬಡವ ಯಾರು, ಧಣಿ ಯಾರು ಎಂದು ಬೇರ್ಪಡಿಸಲು ಸುಲಭವಾಗದಂತೆ ಎಲ್ಲರ ಮೈಮೇಲೂ ದುಡಿಮೆಯ ಗುರುತು ಇದೆ.

ಗಣಿಗೆ ಇಳಿಯುವ ಮುನ್ನ ಬಟ್ಟೆಯ ಮೇಲೆ ದೊಗಲೆ ಪೋಷಾಕು ತೊಡಿಸುತ್ತಾರೆ. ಒಳಗೆ ಥಂಡಿ. ಒಂದು ಹಂತದಿಂದ ಕೆಳಗಿನ ಹಂತಕ್ಕೆ ಗಣಿಗಾರರು ಜಾರಿ ಹೋಗುತ್ತಿದ್ದ ಮರದ ಜಾರುಬಂಡಿಗಳಿವೆ. ಉದ್ದನೆಯದು 64 ಮೀಟರ್. ನಾನು ಪಕ್ಕದ ಮೆಟ್ಟಿಲಿನಲ್ಲಿ ಮರ್ಯಾದೆಯಿಂದ ಇಳಿದೆ. ನನ್ನ ಹೆಂಡತಿ ಸೀರೆಯ ಮೇಲೆಯೇ ಪೋಷಾಕು ತೊಟ್ಟು, ಮಗಳ ಹಿಂದೆ ಕೂತು, ಕೂಗುತ್ತ ಜಾರಿದಳು, ಮತ್ತೆ ಸಾಧ್ಯವೇ ಎಂದು ಮಾರ್ಗದರ್ಶಿಯನ್ನು ಕೇಳಿಸಿದಳು.

ಉಪ್ಪು ಕೊಳೆಯಗೊಡುವುದಿಲ್ಲ. ಉಪ್ಪಿನಕಾಯಿ ಹಾಕುವವರಿಗೆ ಅದನ್ನು ಹೇಳಬೇಕಾಗಿಲ್ಲ, ಆದರೆ ಇಲ್ಲಿ ಉಪ್ಪಿನಲ್ಲಿ ಉಳಿದಿರುವುದು ಇಡೀ ದಿನಚರಿ. ಕ್ರಿಸ್ತಪೂರ್ವ 1344ರಲ್ಲಿ ಕಡಿದ ಮರದಿಂದ ಮಾಡಿದ ಎಂಟು ಮೀಟರಿನ ಏಣಿಮೆಟ್ಟಿಲು ನಿನ್ನೆ ಬಡಗಿ ಇಟ್ಟುಹೋದಂತಿದೆ. ಉಪ್ಪು ಹೊರುವ ತೊಗಲಿನ ಬೆನ್ನುಚೀಲ, ನೇಯ್ದ ಬಟ್ಟೆಯ ಚೂರು, ಉರಿಸಿದ ಪಂಜಿನ ಕಡ್ಡಿಗಳು. ಗಣಿಗಾರರ ಮಲವೂ ಉಳಿದು, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರಲ್ಲಿ ನೀಲಿ ಚೀಸಿನ ಬೂಷ್ಟನ್ನೂ ಬಿಯರಿನ ಹುದುಗನ್ನೂ ಗುರುತಿಸಿತು. ಹಳೆಯ ಸುರಂಗದಲ್ಲಿ ಸಿಲುಕಿ ಸತ್ತ ಪ್ರಾಚೀನ ಗಣಿಗಾರನ ದೇಹವೇ 1734ರಲ್ಲಿ ಸಿಕ್ಕಿತ್ತು. ಪ್ರಾಟೆಸ್ಟೆಂಟರನ್ನು ದೋಣಿಗೆ ತುಂಬಿದ ವರ್ಷವೂ ಅದೇ ಎಂಬುದನ್ನು ನಾನು ಆಮೇಲೆ ಟಿಪ್ಪಣಿ ಬರೆಯುವಾಗ ಗಮನಿಸಿದೆ.

ಗಣಿ ಇಂದೂ ನಡೆಯುತ್ತಿದೆ. ಕಲ್ಲು ಒಡೆಯುವುದಿಲ್ಲ; ನೀರು ಬಿಟ್ಟು ಉಪ್ಪು ಕರಗಿಸಿ, ಉಪ್ಪುನೀರನ್ನು ಕೊಳವೆಯಲ್ಲಿ ಎಬೆನ್ಸೇಗೆ ಕಳಿಸುತ್ತಾರೆ. ಸಂಜೆ ಲಾನ್‌ನ ಬೀದಿಯಲ್ಲಿ ಹದಿಹರೆಯದವರ ಗುಂಪೊಂದು ಎದುರಾಯಿತು. 1873ರಲ್ಲಿ ಆರಂಭವಾದ ಮರಗೆಲಸದ ಶಾಲೆಯ ವಿದ್ಯಾರ್ಥಿಗಳು. ದೋಣಿ ಕಟ್ಟುವುದನ್ನೂ ಸಂಗೀತವಾದ್ಯ ಮಾಡುವುದನ್ನೂ ಕಲಿಯಲು ಹೊರಗಿನಿಂದ ಬಂದು ಇರುವವರು. ಊರಿನ ಸಂಖ್ಯೆಯಲ್ಲಿ ಇವರಲ್ಲಿ ಹೆಚ್ಚಿನವರು ಸೇರಿರಲಾರರು. ನಾನು ಮೂರು ದಿನಗಳಲ್ಲಿ ಕೇಳಿದ ಅತಿ ದೊಡ್ಡ ನಗು ಮಾತ್ರ ಇವರದೇ.

ನಾಲ್ಕನೆಯ ದಿನ

ಬೆಳಗ್ಗೆ ಬಸ್ಸಿನಲ್ಲಿ ಸರೋವರದ ದಕ್ಷಿಣ ತುದಿಯ ಒಬರ್‌ಟ್ರೌನ್‌ಗೆ ಹೋದೆವು. ಟ್ರೌನ್ ನದಿ ಸರೋವರಕ್ಕೆ ಸೇರುವಲ್ಲಿ ಹರಡಿದ ಮಣ್ಣಿನ ಮೇಲೆ ಇದು ಚಪ್ಪಟೆಯಾಗಿ ಕೂತಿದೆ. ಜನಸಂಖ್ಯೆ ಸುಮಾರು ಹಾಲ್‌ಸ್ಟಾಟಿನಷ್ಟೇ, ಏಳುನೂರರ ಆಸುಪಾಸು. ಆದರೆ ಇಲ್ಲಿ ಹುಲ್ಲುಗಾವಲಿದೆ, ಮನೆಗೊಂದು ಅಂಗಳವಿದೆ, ಒಣಹಾಕಿದ ಬಟ್ಟೆಯ ಮೇಲೆ ಬಿಸಿಲಿದೆ. ನನ್ನ ಹೆಂಡತಿಯ ಹಪ್ಪಳಕ್ಕೆ ತಕ್ಕ ಊರು. ನೋಡಲು ಬಂದ ಪ್ರವಾಸಿಗರ ಗುಂಪು ಊರಿನಲ್ಲಿ ಇರಲಿಲ್ಲ. ಅವರೆಲ್ಲ ನೇರವಾಗಿ 2995 ಮೀಟರಿನ ಡಾಖ್‌ಸ್ಟೈನ್ ಪರ್ವತದ ಕಡೆಯ ಹಗ್ಗದ ತೊಟ್ಟಿಲಿಗೆ ಹೋಗುತ್ತಾರೆ. ಮೇಲೆ ಮೋಡವಿತ್ತು, ನಾವು ಹತ್ತಲಿಲ್ಲ.

ಹಿಂತಿರುಗಿ, ಊರಿನ ಉತ್ತರಕ್ಕೆ ಉಪ್ಪುನೀರಿನ ಕೊಳವೆಯ ದಾರಿಯಲ್ಲಿ ಒಂದು ಗಂಟೆ ನಡೆದೆವು. ಉಪ್ಪುನೀರನ್ನು ಕುದಿಸಲು ಸೌದೆ ಬೇಕು, ಸುತ್ತಲಿನ ಕಾಡು ಬರಿದಾಗುತ್ತಿತ್ತು. ಸೌದೆಯನ್ನು ಉಪ್ಪಿನ ಬಳಿಗೆ ತರುವುದಕ್ಕಿಂತ ಉಪ್ಪುನೀರನ್ನೇ ಸೌದೆಯಿರುವ ಕಡೆಗೆ ಹರಿಸುವುದು ಲೇಸೆಂದು 1595ರಿಂದ 1607ರವರೆಗೆ, ಹದಿಮೂರು ಸಾವಿರ ಮರದ ದಿಮ್ಮಿಗಳನ್ನು ನಡುವೆ ಕೊರೆದು ಒಂದಕ್ಕೊಂದು ಜೋಡಿಸಿ, ಎಬೆನ್ಸೇವರೆಗೆ ನಲವತ್ತು ಕಿಲೋಮೀಟರ್ ಕೊಳವೆ ಎಳೆದರು. ಅಡಿಕೆ ದಬ್ಬೆಯಲ್ಲಿ ಗುಡ್ಡದ ಅಬ್ಬಿ ನೀರನ್ನು ಅಂಗಳಕ್ಕೆ ತರುವವರಿಗೆ ಈ ಬುದ್ಧಿವಂತಿಕೆ ಅಪರಿಚಿತವಲ್ಲ, ಪ್ರಮಾಣ ಮಾತ್ರ ದಂಗುಬಡಿಸುತ್ತದೆ. ದಾರಿಯುದ್ದಕ್ಕೂ ಕೆಳಗೆ ನೀರು, ಮೇಲೆ ಬಂಡೆ, ನಡುವೆ ಒಬ್ಬರ ಹಿಂದೊಬ್ಬರು ನಡೆಯುವಷ್ಟು ಅಂಚು. ಉಪ್ಪಿಗೂ ಇಲ್ಲಿ ಹೆಚ್ಚು ಜಾಗ ಸಿಕ್ಕಿಲ್ಲ.

ಮೂರು ಗಂಟೆಯ ದೋಣಿಗೆಂದು ಚೀಲ ಇಳಿಸುವಾಗ ಮನೆಯೊಡತಿ ಬಾಗಿಲಿಗೆ ಬಂದರು. ಕೈಯಲ್ಲಿ ಮೊದಲ ದಿನದ ನಮೂನೆ. ಕನ್ನಡಕ ಏರಿಸಿಕೊಂಡು, ನಾನು ಖಾಲಿ ಬಿಟ್ಟಿದ್ದ ಕಾಲಂನ ಮೇಲೆ ಬೆರಳಿಟ್ಟು ತೋರಿಸಿ, ಪೆನ್ನನ್ನು ನನ್ನ ಕಡೆಗೆ ಚಾಚಿದರು. ನಾನು ಅಂದಿನ ದಿನಾಂಕವನ್ನು ಬರೆದೆ. ಅವರು ಅದನ್ನು ಒಮ್ಮೆ ಓದಿ, ಇಸವಿಯ ಕೊನೆಯ ಅಂಕಿ ಸ್ಪಷ್ಟವಾಗಿಲ್ಲವೆಂದು ಮತ್ತೊಮ್ಮೆ ಬರೆಸಿಕೊಂಡರು.